ಮೂರನೇ ಹಾಸಿಗೆಯ ಪಕ್ಕದ ನಲ್ಲಿ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಗುಂಡು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿದ ಹೊಸಬರು ದಪ್ಪನೆಯ ಆಳೊಬ್ಬನನ್ನು ಹುಡುಕಿಕೊಂಡು ಹೋದರೆ ಎದುರಿಗೆ ಸಿಗುತ್ತಿದ್ದದ್ದು ಒಣ ಕಡ್ಡಿಯಂಥ ಮನುಷ್ಯ. ಆ ಗುಂಡು ಅವನ ಮೈಯದ್ದಲ್ಲ, ಜೇಬಿನದ್ದು. ಗೋಡೆ ಕಟ್ಟುವವರು ನೇರ ನೋಡಲು ಇಳಿಬಿಡುತ್ತಾರಲ್ಲ, ದಾರಕ್ಕೆ ಕಟ್ಟಿದ ಹಿತ್ತಾಳೆಯ ತೂಗುಗುಂಡು, ಅದು. ನಲ್ಲಿ ಕೂರಿಸುವವನಿಗೆ ಅದರಿಂದ ಏನು ಕೆಲಸ ಎಂದು ಕೇಳಿದರೆ ಅವನು ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ. ಹೊಸ ನಲ್ಲಿ ಕೂರಿಸಿದ ಮೇಲೆ ದಾರದ ತುದಿಯನ್ನು ನಲ್ಲಿಯ ಬಾಯಿಗೆ ಹಿಡಿದು ಗುಂಡನ್ನು ಕೆಳಗೆ ಬಿಡುತ್ತಿದ್ದ. ಗುಂಡಿನ ಮೊನೆ ಸಿಂಕಿನ ತೂತಿನ ನಟ್ಟನಡುವೆ ನಿಂತರೆ ಮಾತ್ರ ಪಾನಾ ಕೆಳಗಿಡುವುದು. ಅರ್ಧ ಬೆರಳು ಆಚೀಚೆಯಾದರೂ ಬಿಚ್ಚಿ, ಬೈದುಕೊಂಡು, ಮತ್ತೆ ಕೂರಿಸುವುದು.

ಇದು ಸೋದರಮಾವ ಕಲಿಸಿದ ವಿದ್ಯೆ. ನಾಲ್ಕನೇ ತರಗತಿಯಲ್ಲಿ ಮೇಷ್ಟ್ರಿಗೇ ಎದುರು ಮಾತಾಡಿ ಶಾಲೆಯಿಂದ ಹೊರಬಿದ್ದವನನ್ನು ಮಾವ ಪೈಪಿನ ಕೆಲಸಕ್ಕೆ ಹಚ್ಚಿದ. "ಲೋ, ನೀರು ಸಿಂಕಿನ ಬಟ್ಟಲಿಗೆ ಬಿದ್ದು ಆಮೇಲೆ ತೂತು ಎಲ್ಲಿದೆ ಅಂತ ಹುಡುಕ್ಕೊಂಡು ಹೋಗೋದಲ್ಲ. ಬಾಯಿಂದ ಬಿದ್ದಿದ್ದು ನೆಟ್ಟಗೆ ಗಂಟಲಿಗೆ ಇಳೀಬೇಕು. ಆಗ ಬಟ್ಟಲಲ್ಲಿ ಕೊಳೆ ನಿಲ್ಲಲ್ಲ," ಎಂದಿದ್ದ. ಮಾವ ಹೋಗಿ ಎಷ್ಟೋ ವರ್ಷವಾಯಿತು. ಮಾತು ಮಾತ್ರ ಮೇಸ್ತ್ರಿಯ ಕೈಯಲ್ಲಿ ಉಳಿದುಕೊಂಡಿತ್ತು. ಆ ಆಸ್ಪತ್ರೆಯೊಂದರಲ್ಲೇ ಅವನು ಹಾಗೆ ಕೂರಿಸಿದ ನಲ್ಲಿಗಳು ಅರವತ್ತೊಂದು. ಯಾವ ಮಹಡಿ, ಯಾವ ಕೋಣೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಿ. ವಾಷರ್ ಸವೆದರೆ ವಾಷರ್ ಮಾಡಿದವನ ಮೇಲೆ ಸಿಟ್ಟು, ಲಿಫ್ಟು ತಡವಾದರೆ ಲಿಫ್ಟಿನ ಮೇಲೆ ಸಿಟ್ಟು. ಇಂಥವನ ಹೆಂಡತಿ ಅದೇ ಆಸ್ಪತ್ರೆಯ ಐಸಿಯುನಲ್ಲಿ ಕ್ಲೀನಿಂಗ್ ಕೆಲಸದವಳು. ವಾರ್ಡಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ಹೆಡ್ ಸಿಸ್ಟರಿಗೂ ಅಕ್ಕನೇ. ಗಂಡ ಮನೆಯಲ್ಲಿ ಹಾರಾಡುವಾಗ ಅವಳು ಸೊಪ್ಪು ಸೋಸುತ್ತಾ ಕೂತಿದ್ದು, ಅವನಿಗೆ ಉಸಿರು ಕಟ್ಟಿದ ಮೇಲೆ "ಮುಗೀತಾ? ಇನ್ನೂ ಇದೆಯಾ? ಇದ್ರೆ ಊಟ ಆದ್ಮೇಲೆ ಆಡಿ" ಅನ್ನುವಳು. ಇಪ್ಪತ್ತೆರಡು ವರ್ಷದ ಸಂಸಾರ ಹೀಗೇ ನಡೆದಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಅವಳು ಹೊತ್ತಿಗೆ ಮುಂಚೆ ಮನೆಗೆ ಬಂದು ಒಂದು ಕಾಗದವನ್ನು ಅವನ ಮುಂದಿಟ್ಟಳು. ಮೇಸ್ತ್ರಿ ಅಕ್ಷರ ಕೂಡಿಸಿಕೊಂಡು ಓದಿದ. ಸ್ವಚ್ಛತೆಯಲ್ಲಿ ಲೋಪ ಕಂಡುಬಂದಿರುವುದರಿಂದ ಹತ್ತು ದಿನ ವಾರ್ಡಿಗೆ ಬರತಕ್ಕದ್ದಲ್ಲ, ಹತ್ತನೆಯ ದಿನ ಶುಕ್ರವಾರ ಮೀಟಿಂಗಿನಲ್ಲಿ ಮುಂದಿನ ತೀರ್ಮಾನ. ಕೆಳಗೆ ಮ್ಯಾನೇಜರ ಸಹಿ.

"ಲೋಪ ಅಂದ್ರೆ?"

"ಮೂರನೇ ಹಾಸಿಗೆ," ಅಂದಳು ಅವಳು.

ಮೂರನೇ ಹಾಸಿಗೆಯ ಸುದ್ದಿ ಆಸ್ಪತ್ರೆಗೆಲ್ಲ ಗೊತ್ತಿತ್ತು. ಮೂರು ತಿಂಗಳಲ್ಲಿ ಅಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಮಲಗಿದ್ದರು. ಮೊದಲು ಒಬ್ಬ ಅಜ್ಜಿ, ಆಮೇಲೆ ಶಾಲೆಯ ಟೀಚರೊಬ್ಬರು, ಈಗ ಒಬ್ಬ ಲಾರಿ ಡ್ರೈವರು. ಬಂದದ್ದು ಬೇರೆ ಬೇರೆ ಕಾಯಿಲೆಗೆ. ಆದರೆ ವಾರ ಕಳೆಯುವುದರೊಳಗೆ ಮೂವರ ಎದೆಯಲ್ಲೂ ಒಂದೇ ಬ್ಯಾಕ್ಟೀರಿಯಾ ಮನೆ ಮಾಡಿತು. ಅದು ಅಂತಿಂಥದ್ದಲ್ಲ, ಇದ್ದಬದ್ದ ಆಂಟಿಬಯಾಟಿಕ್ ಎಲ್ಲ ಕೊಟ್ಟರೂ ಜಗ್ಗದ್ದು. ಟೀಚರು ಹೇಗೋ ಪಾರಾಗಿ ಮನೆಗೆ ಹೋದರು. ಡ್ರೈವರನ್ನು ಬೇರೆ ಒಂಟಿ ಕೋಣೆಗೆ ಹಾಕಿದ್ದರು. ಅಜ್ಜಿ ಉಳಿಯಲಿಲ್ಲ.

ಮೇಸ್ತ್ರಿ ಎದ್ದುನಿಂತು ಮ್ಯಾನೇಜರ ವಂಶವನ್ನೆಲ್ಲ ಜಾಲಾಡಿದ. ಅವಳು ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಬೇರೆ ಯಾರದೋ ಸಾಮಾನು ನೋಡುವಂತೆ ನೋಡುತ್ತಿದ್ದಳು.

"ರೀ, ಕೆಲಸ ಹೋದ್ರೆ ಹೋಗ್ಲಿ. ಇನ್ನೊಂದು ಕಡೆ ಸಿಗುತ್ತೆ. ಆದ್ರೆ ಆ ಅಜ್ಜಿಗೆ ಆ ಕಾಯಿಲೆ ನನ್ನ ಕೈಯಿಂದಲೇ ಹೋಯ್ತಾ, ಅದೊಂದು ನನಗೆ ಗೊತ್ತಾಗ್ಬೇಕು. ದಿನಾ ನನ್ನ ಕೈ ಹಿಡ್ಕೊಂಡು ಮಾತಾಡ್ಸೋರು ಅವರು."

ಮೇಸ್ತ್ರಿ ಬೈಗುಳ ಅಲ್ಲಿಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಸೀದಾ ಆಸ್ಪತ್ರೆಗೆ ನಡೆದ.

ಲ್ಯಾಬು ಎರಡನೆಯ ಮಹಡಿಯ ಕೊನೆಯಲ್ಲಿತ್ತು. ಅಲ್ಲಿನ ಡಾಕ್ಟ್ರಮ್ಮ ಅವನ ಭುಜಕ್ಕೆ ಬರುವಷ್ಟು ಎತ್ತರದವಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದಳು.

"ಯಾರ್ರೀ ಇಲ್ಲಿ ನನ್ನ ಹೆಂಡ್ತಿ ಕೈ ಕೊಳಕು ಅಂತ ಬರೆದೋರು?"

"ಮೊದಲು ಆ ಪಾನಾ ಕೆಳಗಿಡಿ ಮೇಸ್ತ್ರಿ. ಇಲ್ಲಿರೋದೆಲ್ಲ ಗಾಜು."

ಪಾನಾ ಕೈಯಲ್ಲಿರುವುದು ಅವನಿಗೆ ಆಗಲೇ ಗೊತ್ತಾದದ್ದು. ಇಟ್ಟ. ಡಾಕ್ಟ್ರಮ್ಮ ಸ್ಟೂಲು ತೋರಿಸಿದಳು. ಅವನು ಕೂರಲಿಲ್ಲ.

"ನಾನು ಹಾಗೆ ಬರೆದಿಲ್ಲ. ಮೂವರಿಗೂ ಬಂದಿರೋದು ಒಂದೇ ಕುಲದ್ದು, ಎಲ್ಲೋ ಒಂದೇ ಜಾಗದಿಂದ ಬರ್ತಾ ಇದೆ ಅಂತ ಬರೆದೆ. ಆ ಎಲ್ಲೋ ಅನ್ನೋ ಜಾಗದಲ್ಲಿ ನಿಮ್ಮ ಮನೆಯವರನ್ನ ಕೂರಿಸಿದ್ದು ಮ್ಯಾನೇಜರು. ಬನ್ನಿ ಇಲ್ಲಿ."

ಬೀರುವಿನಿಂದ ಅವಳು ಅಂಗೈಯಗಲದ ಎರಡು ಮುಚ್ಚಳದ ತಟ್ಟೆ ತೆಗೆದಳು. ಒಳಗೆ ಹೆಪ್ಪುಗಟ್ಟಿದ ಗಂಜಿಯಂಥ ಪದಾರ್ಥ. ಅದರ ಮೇಲೆ ಬೆರಳೊತ್ತಿದ ಗುರುತು. ಒಂದರಲ್ಲಿ ಬೆರಳಿನ ಜಾಗದಲ್ಲಿ ಏಳೆಂಟು ಬಿಳಿ ಚುಕ್ಕೆ, ಇನ್ನೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು.

"ಎಲ್ಲರ ಕೈಯಲ್ಲೂ ಇರೋ ಸಾಧು ಜಾತಿ ಇವು, ಹೆದರಬೇಡಿ. ಈ ಏಳೆಂಟು ಚುಕ್ಕೆಯದು ನಿಮ್ಮ ಹೆಂಡತಿ ಕೈ."

"ಆ ಇನ್ನೊಂದು?"

"ನಂದು."

ಮೇಸ್ತ್ರಿ ಸ್ಟೂಲಿನ ಮೇಲೆ ಕೂತ.

ಮೂರನೆಯ ತಟ್ಟೆಯನ್ನು ಅವಳು ಬೆಳಕಿಗೆ ಹಿಡಿದಳು. ಅದರ ಮೇಲೆ ಔಷಧಿಯಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಿದ್ದರು. ಸಾಮಾನ್ಯ ಬ್ಯಾಕ್ಟೀರಿಯಾ ಆದರೆ ಔಷಧಿಗೆ ಹೆದರಿ ಬಿಲ್ಲೆಯ ಸುತ್ತ ಒಂದು ಬಳೆಯಷ್ಟು ಜಾಗ ಖಾಲಿ ಬಿಡುತ್ತದೆಯಂತೆ. ಇಲ್ಲಿ ಹಾಗಿರಲಿಲ್ಲ. ಹನ್ನೆರಡು ಬಿಲ್ಲೆ, ಹನ್ನೆರಡು ಔಷಧಿ. ಹನ್ನೆರಡರ ಬುಡಕ್ಕೂ ಅದು ಹುಲ್ಲು ಹಬ್ಬಿದಂತೆ ಹಬ್ಬಿತ್ತು. ಒಂದು ಬಿಲ್ಲೆಯ ಮೇಲಂತೂ ಹತ್ತಿ ಕೂತಿತ್ತು.

"ಮೂರನೇ ಹಾಸಿಗೆಯದು," ಅಂದಳು ಡಾಕ್ಟ್ರಮ್ಮ. "ಇನ್ನೊಂದೋ ಎರಡೋ ಔಷಧಿಗೆ ಮಾತ್ರ ಬಗ್ಗುತ್ತೆ. ಅದೂ ಎಷ್ಟು ದಿನವೋ."

ಮೇಸ್ತ್ರಿಗೆ ಜೀವಮಾನದಲ್ಲಿ ಯಾರ ಮುಂದೆಯೂ ತಗ್ಗಿ ಗೊತ್ತಿಲ್ಲ. ಆ ತಟ್ಟೆಯ ಮುಂದೆ ಮಾತ್ರ ಅವನ ದನಿ ತಾನಾಗಿ ತಗ್ಗಿತು. ಕಣ್ಣಿಗೇ ಕಾಣದ ಜೀವ. ಕೈಯಿಲ್ಲ, ಕಾಲಿಲ್ಲ, ತಲೆಯಿಲ್ಲ. ದೊಡ್ಡ ದೊಡ್ಡ ಓದಿದವರೆಲ್ಲ ಸೇರಿ ಹನ್ನೆರಡು ಬಾಣ ಬಿಟ್ಟರೂ ಇದು ಬಾಣದ ಮೇಲೇ ಹತ್ತಿ ಕೂರುತ್ತದೆಯಲ್ಲ!

"ಎಲ್ಲೆಲ್ಲಿ ಹುಡುಕಿದ್ರಿ?"

"ಮಂಚದ ಕಂಬಿ, ಮಿಷಿನ್ನಿನ ಗುಂಡಿ, ಪರದೆ, ಡಾಕ್ಟರುಗಳ ಸ್ಟೆತಸ್ಕೋಪು, ಫೋನು, ನಲವತ್ತು ಜಾಗ. ಪಕ್ಕದಲ್ಲಿ ಕೈ ತೊಳೆಯೋ ಸಿಂಕಿದೆಯಲ್ಲ, ಅದನ್ನೂ ಒರೆಸಿ ನೋಡಿದೆ. ಫಳಫಳ ಅಂತಿದೆ. ಏನೂ ಸಿಗಲಿಲ್ಲ."

ಮೇಸ್ತ್ರಿ ನಕ್ಕ. "ನೀವು ನೋಡಿದ್ದು ಬಟ್ಟಲು. ಸಿಂಕು ಅಂದ್ರೆ ಬಟ್ಟಲು ಅಂದ್ಕೊಂಡ್ರಾ ಡಾಕ್ಟ್ರಮ್ಮ? ಅದು ಬರೀ ಮುಖ. ಹೊಟ್ಟೆ, ಕರುಳು ಎಲ್ಲ ಕೆಳಗಿದೆ. ಅದನ್ನ ಯಾರು ನೋಡಿದ್ರು?"

ಡಾಕ್ಟ್ರಮ್ಮ ಕನ್ನಡಕ ಏರಿಸಿಕೊಂಡು ಅವನನ್ನು ದಿಟ್ಟಿಸಿದಳು. "ಪಾನಾ ತಗೊಳ್ಳಿ," ಅಂದಳು.

ಮೂರನೇ ಹಾಸಿಗೆ ಖಾಲಿಯಿತ್ತು. ಮೇಸ್ತ್ರಿ ಸಿಂಕಿನ ಕೆಳಗೆ ಮಲಗಿ ಬಾಗಿದ ಪೈಪನ್ನು ಬಿಚ್ಚಿದ. ಚರಂಡಿಯ ನಾತ ಮೇಲೆ ಬರದಿರಲಿ ಎಂದು ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತೇ ಇರುತ್ತದೆ. ನೀರಿನ ಸುತ್ತ, ಪೈಪಿನ ಗೋಡೆಗೆ, ಬೂದು ಬಣ್ಣದ ಲೋಳೆ. ಅವನಿಗೆ ಅದೇನು ಹೊಸದೇ? ಮೂವತ್ತು ವರ್ಷದಿಂದ ಬರಿಗೈಯಲ್ಲಿ ಬಾಚಿ ಎಸೆದಿದ್ದಾನೆ, ಪ್ಯಾಂಟಿಗೆ ಒರೆಸಿಕೊಂಡಿದ್ದಾನೆ. ಇವತ್ತೂ ಬೆರಳು ಹಾಕಲು ಹೋದ.

"ಮುಟ್ಟಬೇಡ್ರೀ!"

ಆ ಪುಟ್ಟ ಹೆಂಗಸಿನ ಒಳಗೆ ಅಷ್ಟು ದೊಡ್ಡ ಕೂಗು ಎಲ್ಲಿತ್ತೋ, ಬೆಚ್ಚಿದ ಮೇಸ್ತ್ರಿಯ ತಲೆ ಸಿಂಕಿನ ಬುಡಕ್ಕೆ ಬಡಿಯಿತು. ಅವನ ಮೇಲೆ ಯಾರಾದರೂ ಕೂಗಿ ಉಳಿದುಕೊಂಡದ್ದು ಅದೇ ಮೊದಲು. ಅವಳು ಅವನ ಕೈಗೆ ಗ್ಲೌಸು ತೊಡಿಸಿ, ಮೈಗೆ ಗೌನು ಹಾಕಿಸಿ, ಉದ್ದನೆಯ ಹತ್ತಿಕಡ್ಡಿಯಿಂದ ಲೋಳೆಯನ್ನು ಸವರಿಕೊಂಡು ಹೋದಳು.

ಗುರುವಾರ ಬೆಳಗ್ಗೆ ಫೋನು ಬಂತು. ಅದೇ. ಹನ್ನೆರಡು ಬಿಲ್ಲೆಗೂ ಬಗ್ಗದ ಅದೇ ಕುಲ, ಬಾಗಿದ ಪೈಪಿನಲ್ಲಿ ಕೋಟಿಗಟ್ಟಲೆ.

"ಸಿಕ್ತಲ್ಲ ಕಳ್ಳ! ಈಗಲೇ ಮ್ಯಾನೇಜರ ಹತ್ರ ಹೋಗೋಣ ನಡೀರಿ," ಎಂದು ಮೇಸ್ತ್ರಿ ಲ್ಯಾಬಿನಲ್ಲಿ ಕುಣಿದ.

"ಹೋದ್ರೆ ಏನಂತಾರೆ ಗೊತ್ತಾ? ಚರಂಡಿಯಲ್ಲಿ ಕೊಳೆ ಇಲ್ಲದೆ ಗಂಧ ಇರುತ್ತಾ ಅಂತಾರೆ. ಅದು ಇರೋದು ಸಿಂಕಿನ ತೂತಿನ ಮೇಲಿರೋ ಜಾಲರಿಯಿಂದ ಐದು ಅಂಗುಲ ಕೆಳಗೆ. ಮಲಗಿರೋರ ಎದೆಗೆ ಹೇಗೆ ಹೋಯ್ತು? ನಿಮ್ಮ ಹೆಂಡತಿ ಕೈಯಲ್ಲಿ ಬಂತು ಅಂದ್ರೆ ನಮ್ಮ ಹತ್ರ ಏನಿದೆ ಉತ್ತರ?"

ಮೇಸ್ತ್ರಿ ನೀರು ಇಳಿಯುವುದನ್ನು ಕಂಡಿದ್ದಾನೆ, ಹತ್ತುವುದನ್ನು ಕಂಡಿಲ್ಲ. "ಮೇಲಿಂದ ದಿನಾ ನೀರು ಬೀಳ್ತಾ ಇರುವಾಗ ಅದು ಎದುರು ಹತ್ತಕ್ಕಾಗುತ್ತಾ? ಆಗಲ್ಲ ಬಿಡಿ," ಅಂದ.

"ನೋಡೇಬಿಡೋಣ. ಒಳಗೆ ಕಾಣೋ ಅಂಥ ಪೈಪು ಸಿಗುತ್ತಾ?"

ಸಿಗದೇ ಏನು. ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ ಪೈಪು ತಂದು, ಲ್ಯಾಬಿನ ಮೂಲೆಯಲ್ಲಿ ಒಂದು ಹಳೆ ಸಿಂಕು, ನಲ್ಲಿ, ಬಾಗು ಎಲ್ಲ ಜೋಡಿಸಿದ. ಅಭ್ಯಾಸಬಲ, ಗುಂಡು ಇಳಿಬಿಟ್ಟು ನೇರವನ್ನೂ ನೋಡಿದ. ಡಾಕ್ಟ್ರಮ್ಮ ಆ ಕುಲದಲ್ಲೇ ಹುಟ್ಟಿದ, ಯಾರಿಗೂ ಕೇಡು ಮಾಡದ ಒಂದು ಸಾಧು ತಳಿಯನ್ನು ತಂದು ಬಾಗಿನ ನೀರಿಗೆ ಬಿಟ್ಟಳು. ನೇರಳೆ ದೀಪ ಹಿಡಿದರೆ ಅದು ಹಸಿರಾಗಿ ಹೊಳೆಯುವಂತೆ ಮಾಡಿಟ್ಟಿದ್ದರು. ಆಮೇಲೆ ದಿನಕ್ಕೆರಡು ಸಲ ಒಂದೊಂದು ಚಮಚ ಡ್ರಿಪ್ಪಿನ ಸಕ್ಕರೆ ನೀರನ್ನು ಸಿಂಕಿಗೆ ಸುರಿದಳು.

"ಇದ್ಯಾಕೆ? ಸಿಂಕಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ?"

"ವಾರ್ಡಿನಲ್ಲಿ ದಿನಾ ಹಾಕ್ತಾರೆ. ಬಾಟಲಿನಲ್ಲಿ ಮಿಕ್ಕ ಡ್ರಿಪ್ಪು, ಸಿರಿಂಜಿನಲ್ಲಿ ಮಿಕ್ಕ ಔಷಧಿ, ಎಲ್ಲ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿರಿ? ಕೈಗೆ ಹತ್ತಿರ ಇರೋ ಸಿಂಕಿಗೆ. ಸಕ್ಕರೆ ನೀರು ಕುಡಿದು ಅದು ಬೆಳೆಯುತ್ತೆ. ಆಂಟಿಬಯಾಟಿಕ್ ಗುಟುಕು ಕುಡಿದು ಅಶಕ್ತವೆಲ್ಲ ಸಾಯುತ್ತೆ, ಗಟ್ಟಿಗ ಉಳಿಯುತ್ತೆ. ಉಳಿದ ಗಟ್ಟಿಗನ ಮಕ್ಕಳೆಲ್ಲ ಗಟ್ಟಿಗರೇ. ನಾವೇ ಊಟ ಹಾಕಿ, ನಾವೇ ಕುಸ್ತಿ ಕಲಿಸಿದ ಹಾಗೆ."

ದಿನಾ ಬೆಳಗ್ಗೆ ಮೇಸ್ತ್ರಿ ಬೇರೆ ಕೆಲಸ ಮುಟ್ಟುವ ಮುಂಚೆ ಲ್ಯಾಬಿಗೆ ಬರುತ್ತಿದ್ದ. ಡಾಕ್ಟ್ರಮ್ಮ ಪರದೆ ಎಳೆದು ದೀಪ ಹಿಡಿಯುವಳು, ಅವನು ಪೈಪಿನ ಮೇಲೆ ಹಸಿರು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಪೆನ್ನಿನಿಂದ ಗೆರೆ ಎಳೆಯುವನು. ಶುಕ್ರವಾರ ನೀರಿನಿಂದ ಒಂದು ಅಂಗುಲ ಮೇಲೆ. ಅವನು ನಂಬಲಿಲ್ಲ, ಪೈಪು ಅಲುಗಿರಬೇಕು ಅಂದ. ಶನಿವಾರ ಎರಡಕ್ಕೆ ಸ್ವಲ್ಪ ಕಮ್ಮಿ. ಭಾನುವಾರ ರಜೆಯಿದ್ದರೂ ಬಂದ, ಲ್ಯಾಬಿನ ಬಾಗಿಲು ತೆಗೆಸಿದ. ಮೂರು.

ನೀರು ಬಿಟ್ಟು ನೋಡಿದ. ಧೋ ಎಂದು ಬಿದ್ದ ನೀರು ಹಸಿರಿನ ಮೇಲೆ ಹಾದುಹೋಯಿತು. ಹಸಿರು ಕದಲಲಿಲ್ಲ. ಬಿಸಿನೀರು ಸುರಿದ. ಒಂದಿಷ್ಟು ಮಸುಕಾಯಿತು, ಮಾರನೆಯ ದಿನ ಮಸುಕಾದ ಜಾಗದಿಂದಲೇ ಮತ್ತೆ ಹೊರಟಿತ್ತು. ಒಂದು ಅಂಗುಲ. ಮಾರನೆಯ ದಿನ ಇನ್ನೊಂದು. ಆತುರವಿಲ್ಲ, ಆಯಾಸವಿಲ್ಲ, ಜಗಳವಿಲ್ಲ. ಮೂವತ್ತು ವರ್ಷ ಇದೇ ಪೈಪುಗಳ ಜೊತೆ ಬಾಳಿದ್ದಾನೆ. ಗೋಡೆಗಳ ಒಳಗೆ, ನೆಲದ ಕೆಳಗೆ, ತಾನು ಮುಚ್ಚಿ ಸಿಮೆಂಟು ಬಳಿದು ಬಂದ ಕತ್ತಲೆಯಲ್ಲೆಲ್ಲ ಈ ನಡಿಗೆ ನಡೆಯುತ್ತಲೇ ಇತ್ತು ಎಂದು ನೆನೆದು ಅವನ ತೋಳಿನ ಕೂದಲು ನಿಮಿರಿತು. ಮನೆಗೆ ಬಂದು ಹೆಂಡತಿಗೆ ಹೇಳಿದ, "ಲೇ, ಆನೆ ನೋಡಿ ಬೆರಗಾಗೋದು ದೊಡ್ಡದಲ್ಲ ಕಣೇ. ಇದನ್ನ ನೋಡ್ಬೇಕು ನೀನು."

"ನೋಡಿದೀನಿ," ಅಂದಳು ಅವಳು. "ಆ ಅಜ್ಜಿ ಉಸಿರಾಡೋದ್ರಲ್ಲಿ ನೋಡಿದೀನಿ."

ಮಂಗಳವಾರ ಹಸಿರು ಜಾಲರಿಗೆ ಬಂದು ತಲುಪಿತು.

"ಮೇಲೆ ಬಂತು, ಸರಿ," ಅಂದಳು ಡಾಕ್ಟ್ರಮ್ಮ. "ಇನ್ನು ಜಾಲರಿಯಿಂದ ಹಾಸಿಗೆಗೆ ಹೇಗೆ ಹಾರುತ್ತೆ ನೋಡ್ಬೇಕು."

ಬುಧವಾರ ಮಧ್ಯಾಹ್ನ ಐಸಿಯುನ ಆ ಮೂಲೆಗೆ ಕಪ್ಪು ಬಟ್ಟೆ ಕಟ್ಟಿದರು. ಬಿಚ್ಚಿದ ಪೈಪಿನ ಜಾಗಕ್ಕೆ ಹೊಸದನ್ನು ಹಾಕಿ, ಜಾಲರಿಗೆ ನೇರಳೆ ದೀಪಕ್ಕೆ ಮಾತ್ರ ಹೊಳೆಯುವ ಬಣ್ಣ ಸವರಿ, ಡಾಕ್ಟ್ರಮ್ಮ ನಲ್ಲಿ ತಿರುಗಿಸಿ ಎಲ್ಲರೂ ತೊಳೆಯುವಂತೆ ಅರ್ಧ ನಿಮಿಷ ಕೈ ತೊಳೆದಳು. ಆಮೇಲೆ ದೀಪ ಹಚ್ಚಿದಳು.

ಸುಣ್ಣ ಬಳಿಯುವವನು ಬ್ರಷ್ಷನ್ನು ಝಾಡಿಸಿದಂತಿತ್ತು. ಸಿಂಕಿನ ಸುತ್ತ ಚುಕ್ಕೆ, ನರ್ಸುಗಳು ಔಷಧಿ ಕಲಸುವ ಟ್ರೇ ಮೇಲೆ ಚುಕ್ಕೆ, ಮಂಚದ ಕಂಬಿಯ ಮೇಲೆ ಚುಕ್ಕೆ. ಸಿಂಕಿನಿಂದ ಒಂದು ಮಾರು ದೂರ, ದಿಂಬಿನ ಮೇಲೆ, ಬಾಯಿ ಇರುವ ಜಾಗದಲ್ಲಿ, ಸಾಸಿವೆಯಷ್ಟು ದೊಡ್ಡ ಎರಡು ಚುಕ್ಕೆ. ಬೆಳಕಿನಲ್ಲಿ ನೋಡಿದರೆ ಏನೂ ಇರಲಿಲ್ಲ, ಒಣಗಿದ ಬಟ್ಟೆ ಅಷ್ಟೇ.

 

"ಇಷ್ಟೊಂದು ಯಾಕೆ ಸಿಡೀತು?" ಡಾಕ್ಟ್ರಮ್ಮ ತನ್ನಷ್ಟಕ್ಕೆ ಕೇಳಿಕೊಂಡಳು. ಏಳನೇ ಹಾಸಿಗೆಯ ಸಿಂಕಿಗೂ ಬಣ್ಣ ಸವರಿ ನೋಡಿದರು. ಅಲ್ಲಿ ಬಟ್ಟಲಿನಾಚೆ ಒಂದು ಹನಿ ಇಲ್ಲ. ಅವಳು ಬಗ್ಗಿ, ಎದ್ದು, ಎರಡನ್ನೂ ನೋಡಿದಳು. "ಅಲ್ಲಿ ನೀರು ಬಟ್ಟಲಿನ ಇಳಿಜಾರಿಗೆ ಬಿದ್ದು ಜಾರಿ ಹೋಗುತ್ತೆ. ಇಲ್ಲಿ ನೆಟ್ಟಗೆ ತೂತಿನ ಮೇಲೇ ಬೀಳ್ತಾ ಇದೆ. ಜಾಲರಿ ಮೇಲಿರೋದನ್ನೆಲ್ಲ ಎತ್ತಿ ಎರಚ್ತಾ ಇದೆ. ಎರಡಂಗುಲ ಮುಂದಿದ್ದಿದ್ರೆ ಇಷ್ಟಾಗ್ತಾ ಇರಲಿಲ್ಲ. ಯಾರಪ್ಪ ಇಷ್ಟು ಕರಾರುವಾಕ್ಕಾಗಿ ಕೂರಿಸಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. ಹಿತ್ತಾಳೆ ತಣ್ಣಗಿತ್ತು. ಐಸಿಯು ಕಟ್ಟಿದಾಗ ಎಂಟು ಸಿಂಕನ್ನೂ ಕಂಪನಿಯವರು ಕೂರಿಸಿದ್ದರು. ಮೂರನೇ ಹಾಸಿಗೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ನಾಲ್ಕು ತಿಂಗಳ ಹಿಂದೆ ಅದನ್ನು ತೆಗೆದು, ಹೊಸ ನಲ್ಲಿ ಹಾಕಿ, ಎರಡು ಸಲ ಬಿಚ್ಚಿ ಮೂರನೆಯ ಸಲಕ್ಕೆ ನೇರ ಹಿಡಿದವನು ಅವನು.

ಅವತ್ತು ಮನೆಯಲ್ಲಿ ಅವನು ಕೂಗಲಿಲ್ಲ. ಅದೇ ಹೆಂಡತಿಗೆ ಭಯ ಹುಟ್ಟಿಸಿತು.

"ಏನಾಯ್ತು? ಸಿಕ್ಲಿಲ್ವಾ?"

"ಸಿಕ್ತು. ನಿನ್ನ ಕೈಯಲ್ಲ."

ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ಮತ್ತೆ ಯಾರ ಕೈ?" ಅಂದಳು.

ಮೇಸ್ತ್ರಿ ಎದ್ದು ಹೋಗಿ, ಸೋರದೆ ಇದ್ದ ಅಡುಗೆಮನೆಯ ನಲ್ಲಿಯನ್ನು ಬಿಚ್ಚತೊಡಗಿದ.

ಶುಕ್ರವಾರದ ಮೀಟಿಂಗಿನಲ್ಲಿ ದೊಡ್ಡ ಡಾಕ್ಟರು, ಮ್ಯಾನೇಜರು, ಹೆಡ್ ಸಿಸ್ಟರು, ಲ್ಯಾಬಿನ ಡಾಕ್ಟ್ರಮ್ಮ ಕೂತಿದ್ದರು. ಅಕ್ಕ ಮೇಜಿನ ತುದಿಯಲ್ಲಿ. ಕೊಳಾಯಿಯ ವಿಷಯ ಹೇಳಲು ಬೇಕಾದೀತೆಂದು ಮೇಸ್ತ್ರಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ಡಾಕ್ಟ್ರಮ್ಮ ಪೈಪಿನ ಕಥೆ, ಬಣ್ಣದ ಕಥೆ ಎಲ್ಲ ಹೇಳಿ ಮುಗಿಸಿದಳು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಎಲ್ಲ ಸರಿ ಮೇಡಂ. ಆದ್ರೆ ಆ ಸಿಂಕು ಎಂಟು ವರ್ಷದಿಂದ ಅಲ್ಲೇ ಇದೆ. ಎಂಟು ವರ್ಷ ಇಲ್ಲದ್ದು ಈಗ ಯಾಕೆ ಬಂತು? ಮಧ್ಯೆ ಬದಲಾಗಿದ್ದೇನು? ಈಯಮ್ಮ ಆ ಕಡೆಯ ಹಾಸಿಗೆಗಳಿಗೆ ಬಂದು ನಾಲ್ಕು ತಿಂಗಳು. ಬದಲಾಗಿದ್ದು ಅದೊಂದೇ ಅಲ್ವಾ?"

ಡಾಕ್ಟ್ರಮ್ಮ ಕಾಗದ ತಿರುವಿದಳು. ಅವಳಿಗೆ ಗೊತ್ತಿರಲಿಲ್ಲ. ನಲ್ಲಿ ಬದಲಾಯಿಸಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ನಲ್ಲಿ ಹಾಕುವುದನ್ನು ಯಾರು ಬರೆದಿಡುತ್ತಾರೆ? ಇಡೀ ಕೋಣೆಯಲ್ಲಿ ಗೊತ್ತಿದ್ದವನು ಒಬ್ಬನೇ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೇಜಿನ ತುದಿಯಲ್ಲಿ ಅಕ್ಕ ಮತ್ತೆ ತನ್ನ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು.

"ಇನ್ನೊಂದೂ ಬದಲಾಗಿದೆ," ಅಂದ ಮೇಸ್ತ್ರಿ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ನಲ್ಲಿ ಬದಲಾಗಿದೆ. ನಾಲ್ಕು ತಿಂಗಳ ಹಿಂದೆ. ನಾನೇ ಬದಲಾಯಿಸಿದ್ದು. ತೂತಿನ ನೇರಕ್ಕೆ ಕೂರಿಸಿದ್ದು ನಾನೇ, ಗುಂಡು ಇಟ್ಟು ಅಳೆದು ಕೂರಿಸಿದ್ದೀನಿ. ಕಂಪನಿಯವರು ಇಳಿಜಾರಿಗೆ ಬಿಟ್ಟಿದ್ರು. ಅವರಿಗೆ ಕೆಲಸ ಬರಲ್ಲ ಅಂತ ಬೈದು ಸರಿಮಾಡಿದೆ."

ಮ್ಯಾನೇಜರ ಮುಖ ಕೆಂಪಾಯಿತು. "ಮೂವತ್ತು ವರ್ಷ ಸರ್ವೀಸು ನಿಂದು. ಇಷ್ಟೂ ಗೊತ್ತಾಗ್ಲಿಲ್ವಾ?"

"ಗೊತ್ತಿರಲಿಲ್ಲ ಸ್ವಾಮಿ! ಗೊತ್ತಿದ್ರೆ ಮಾಡ್ತಿದ್ನಾ? ಗೊತ್ತಾದ ಮೇಲೆ ನಿಮ್ಮೆದುರಿಗೆ ನಿಂತು ಹೇಳ್ತಾ ಇದ್ದೀನಲ್ಲ. ನೀವು ಗೊತ್ತಿಲ್ಲದೇನೇ ಕಾಗದ ಬರೆದ್ರಲ್ಲ, ಅದಕ್ಕೇನಂತೀರಿ? ಹರೀರಿ ಮೊದಲು ಅದನ್ನ!"

ದೊಡ್ಡ ಡಾಕ್ಟರು ಕೈಯೆತ್ತಿದರು. ಅಷ್ಟರಲ್ಲಿ ಅಕ್ಕ ಎದ್ದು ನಿಂತಳು. ಗಂಡನನ್ನು ಒಂದು ಸಲ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಸರ್, ನಂದೂ ಒಂದಿದೆ. ರೋಗಿಗಳ ಮೈ ಒರೆಸಿದ ನೀರನ್ನ ನಾನು ಆ ಸಿಂಕಿಗೇ ಚೆಲ್ತಾ ಇದ್ದೆ. ಚೆಲ್ಲೋ ಕೋಣೆ ಆ ತುದಿಯಲ್ಲಿದೆ. ಅಷ್ಟು ದೂರ ಹೋದ್ರೆ ರೋಗಿ ಒಬ್ಬರೇ ಆಗ್ತಾರೆ ಅಂತ. ಆಮೇಲೆ ಚೆನ್ನಾಗಿ ಉಜ್ಜಿ ತೊಳೀತಿದ್ದೆ," ಅಂದಳು.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಲೇ, ಈಗ ತಾನೇ ನಿನ್ನ ಬಿಡಿಸ್ದೆ ಕಣೇ!"

"ನೀವು ಸುಮ್ನಿರಿ."

ಹೆಡ್ ಸಿಸ್ಟರು ಮೇಜು ನೋಡುತ್ತಾ, "ಮಿಕ್ಕ ಔಷಧಿ ನಮ್ಮ ಹುಡುಗೀರು..." ಎಂದು ಅರ್ಧಕ್ಕೇ ನಿಲ್ಲಿಸಿದರು. ಅರ್ಧ ಸಾಕಾಗಿತ್ತು.

ದೊಡ್ಡ ಡಾಕ್ಟರು ಕೊನೆಗೆ ಮ್ಯಾನೇಜರ ಮುಂದಿದ್ದ ಕಾಗದವನ್ನು ಎಳೆದುಕೊಂಡು ನಾಲ್ಕಾಗಿ ಹರಿದರು. ಮೇಸ್ತ್ರಿಯತ್ತ ನೋಡಿ, "ಇಂಥ ನಲ್ಲಿ ಇನ್ನೂ ಎಷ್ಟು ಕೂರಿಸಿದ್ದೀರಿ?" ಅಂದರು.

"ಇದೂ ಸೇರಿ ಅರವತ್ತೊಂದು. ಎಲ್ಲೆಲ್ಲಿ ಅಂತ ಒಂದೂ ಬಿಡದೆ ಹೇಳ್ತೀನಿ."

"ಹಾಗಾದ್ರೆ ನಿಮ್ಮನ್ನ ಬಿಟ್ಟರೆ ಬೇರೆ ಯಾರ ಕೈಲೂ ಆಗಲ್ಲ. ಹೋಗಿ, ಶುರುಮಾಡಿ."

ಮೂರು ವಾರ ಮೇಸ್ತ್ರಿ ಮಹಡಿಯಿಂದ ಮಹಡಿಗೆ ಹತ್ತಿ ಇಳಿದ. ಮೂರನೇ ಹಾಸಿಗೆಯ ಸಿಂಕನ್ನು ಗೋಡೆಯಿಂದಲೇ ಕಿತ್ತು ಹಾಸಿಗೆಗಳಿಂದ ದೂರಕ್ಕೆ ಒಯ್ದ. ಉಳಿದವಕ್ಕೆ ಹೊಸ ಬಾಗು, ಪಕ್ಕಕ್ಕೊಂದು ತಡೆಹಲಗೆ, ನೀರು ಇಳಿಜಾರಿಗೆ. ಪ್ರತಿ ಸಿಂಕಿನ ಮೇಲೆ ಕೈ ಬಿಟ್ಟು ಬೇರೇನೂ ತೊಳೆಯಬಾರದು ಎಂದು ಬರೆಸಿದ. ಯಾರಾದರೂ ಮಿಕ್ಕ ಚಹಾ ಚೆಲ್ಲುವುದು ಕಂಡರೆ ಕಾರಿಡಾರಿನ ಆ ತುದಿಗೂ ಕೇಳುವಂತೆ ಕೂಗುತ್ತಿದ್ದ. ಇಷ್ಟಾದರೂ ವಾರಕ್ಕೊಮ್ಮೆ ಡಾಕ್ಟ್ರಮ್ಮ ಪೈಪುಗಳನ್ನು ಸವರಿ ನೋಡುತ್ತಲೇ ಇದ್ದಳು. "ಹೋಯ್ತಾ?" ಎಂದು ಅವನು ಕೇಳಿದರೆ, "ಹೋಗೋದು ಅಂತ ಇಲ್ಲ ಮೇಸ್ತ್ರಿ. ಹತ್ತೋಕೆ ಬಿಡದೆ ಇರೋದು ಅಷ್ಟೇ," ಅನ್ನುವಳು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಅವನು ಒಂಟಿ ಕೋಣೆಯ ಮುಂದೆ ಹಾದುಹೋಗುತ್ತಿದ್ದ. ಲಾರಿ ಡ್ರೈವರು ಇನ್ನೂ ಅಲ್ಲೇ ಇದ್ದ. ಆ ಕೋಣೆಯ ಕೆಲಸಕ್ಕೆ ಮಿಕ್ಕವರೆಲ್ಲ ಹೆದರಿ ಹಿಂದೆ ಸರಿದಾಗ ತಾನೇ ಹೋಗುತ್ತೇನೆ ಎಂದವಳು ಅಕ್ಕ. ಬಾಗಿಲಿನ ಗಾಜಿನಲ್ಲಿ ಅವಳು ಕಂಡಳು. ಗೌನು, ಗ್ಲೌಸು, ಮಾಸ್ಕು, ಕಣ್ಣಷ್ಟೇ ಹೊರಗೆ. ಮೇಸ್ತ್ರಿ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ಅವನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಒದ್ದೆ ಬಟ್ಟೆಯನ್ನು ಅವಳು ನಾಲ್ಕಾಗಿ ಮಡಿಸಿದ್ದಳು. ಒಂದು ಮುಖದಿಂದ ಮಂಚದ ಕಂಬಿಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಒರೆಸಿದಳು. ಹೋದ ಕೈ ಹಿಂದಕ್ಕೆ ಬರಲಿಲ್ಲ. ಬಟ್ಟೆ ಮಗುಚಿ ಹೊಸ ಮುಖದಿಂದ ಮಿಷಿನ್ನಿನ ಗುಂಡಿಗಳು, ಒಂದೊಂದನ್ನೇ, ಮಗುವಿನ ಕಿವಿ ಒರೆಸಿದಂತೆ. ಮತ್ತೆ ಮಗುಚಿ ಮೇಜು. ಮುಖಗಳು ಮುಗಿದ ಕೂಡಲೇ ಬಟ್ಟೆ ಚೀಲಕ್ಕೆ, ಹೊಸ ಬಟ್ಟೆ ಕೈಗೆ. ಮೇಲಿನದಾದ ಮೇಲೆ ಕೆಳಗಿನದು, ಶುಭ್ರವಾದದ್ದಾದ ಮೇಲೆ ಕೊಳೆಯಾದದ್ದು. ಎಲ್ಲೂ ಆತುರವಿಲ್ಲ, ಒಂದು ಅಂಗುಲವೂ ತಪ್ಪಲಿಲ್ಲ. ಡ್ರೈವರು ಏನೋ ಹೇಳಿದ. ಅವಳ ಕಣ್ಣು ನಕ್ಕಿತು, ಕೈ ನಿಲ್ಲಲಿಲ್ಲ.

ಮೇಸ್ತ್ರಿ ಗಾಜಿನ ಈಚೆ ಬಾಯಿ ಬಿಟ್ಟುಕೊಂಡು ನಿಂತೇ ಇದ್ದ. ಪೈಪಿನೊಳಗೆ ಹತ್ತಿ ಬಂದದ್ದನ್ನು ಕಂಡು ಅವನ ಕೂದಲು ನಿಮಿರಿತ್ತು. ಅದನ್ನು ಎದುರಿಸಿ ದಿನದಿನವೂ ಹೀಗೆ ಒಂದೊಂದು ಅಂಗುಲವನ್ನೂ ಹಿಂದಕ್ಕೆ ಗೆಲ್ಲುತ್ತಿದ್ದವಳು ತನ್ನ ಮನೆಯಲ್ಲೇ ಸೊಪ್ಪು ಸೋಸುತ್ತಾ ಕೂರುತ್ತಿದ್ದಳು ಎಂಬುದು ಅವನಿಗೆ ಈಗ ತಿಳಿಯಿತು.

ಅವಳು ತಲೆಯೆತ್ತಿ ಅವನನ್ನು ಕಂಡಳು. ಹುಬ್ಬು ಗಂಟಿಕ್ಕಿ, ಬೆರಳು ತೋರಿಸಿದಳು. ಮೇಸ್ತ್ರಿ ನೋಡಿಕೊಂಡ. ತನ್ನ ಬರಿಗೈ ಆ ಕೋಣೆಯ ಬಾಗಿಲಿನ ಹಿಡಿಯ ಮೇಲಿತ್ತು.

"ಆಯ್ತು ಮಾರಾಯ್ತಿ, ಹೋಗ್ತೀನಿ," ಎಂದು ಗಾಜಿಗೆ ಹೇಳಿ, ಒಂದು ಮಾತೂ ಎದುರಾಡದೆ, ಅವನು ಕೈ ತೊಳೆಯಲು ಹೋದ.